ನಡುಗುವ ಕೂಸುಗಳ ಬಟ್ಟೆ

ಇನ್ನು ಮೇಲೆ ಸರ್ಕಾರದವರು ಚಾಚಿದ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ, ಕೈ ಕಡಿದರೂ ಹಾಕುವುದಿಲ್ಲ ಎಂದು ಓಸಿ ತನ್ನ ಮಗಳಿಗೆ ಮಾತು ಕೊಟ್ಟಿದ್ದಳು.

ಆಗ ಡ್ರೀಮಾಗೆ ಹನ್ನೆರಡು ವರ್ಷ. ಹದಿನಾಲ್ಕು ತಿಂಗಳು ಯಾರದೋ ಮನೆಯಲ್ಲಿ ಯಾರದೋ ಬಟ್ಟೆ ತೊಟ್ಟಿದ್ದು, ಸರ್ಕಾರದ ಬಿಳಿ ಕಾರಿನಲ್ಲಿ ವಾಪಸು ಬಂದಿದ್ದಳು. ಟ್ರೇಲರ್ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಒಂದೇ ಪ್ರಶ್ನೆ ಕೇಳಿದಳು. "ಆರ್ಲಿಸ್ ಎಲ್ಲವ್ವ?" ಆರ್ಲಿಸ್ ಬಂದಿರಲಿಲ್ಲ. ಅವಳ ತಮ್ಮನಿಗೆ ಆಗ ಮೂರು ವರ್ಷ. ಮೂರು ವರ್ಷದ, ಕೆಂಚುಗೂದಲಿನ, ಕೈಕಾಲು ನೆಟ್ಟಗಿರುವ ಗಂಡುಮಗುವನ್ನು ಬೇಕು ಅನ್ನುವವರು ಬಹಳ. ಅವನನ್ನು ದತ್ತು ಕೊಟ್ಟಾಗಿತ್ತು.

ಕೊಟ್ಟವಳು ಓಸಿಯೇ. ಅದು ಅವಳಿಗೆ ತಡವಾಗಿ ಗೊತ್ತಾಯಿತು.

ಕಲ್ಲಿದ್ದಲ ಗಣಿಯ ಮಾಡು ಕುಸಿದು ಅವಳ ಗಂಡ ಕ್ರೀಡ್‌ನ ಬೆನ್ನು ಮುರಿದಿತ್ತು. ಕಂಪನಿ ಡಾಕ್ಟರು ನೋವಿಗೆ ಹೊಸ ಮಾತ್ರೆ ಕೊಟ್ಟ. "ಇದು ಚಟ ಹತ್ತಿಸೋದಲ್ಲ ಕ್ರೀಡ್, ಧೈರ್ಯವಾಗಿ ನುಂಗು" ಅಂದ. ಎರಡು ವರ್ಷದಲ್ಲಿ ಕ್ರೀಡ್ ಆ ಮಾತ್ರೆಯನ್ನು ಚಮಚದ ಹಿಂಬದಿಯಲ್ಲಿ ಅರೆದು ಮೂಗಿಗೆ ಏರಿಸುತ್ತಿದ್ದ. ಒಂದು ದಿನ ಅಂಗಡಿ ಮುಂದೆ ನಿಲ್ಲಿಸಿದ ಕಾರಿನಲ್ಲಿ ಕತ್ತು ವಾಲಿಸಿ ಮಲಗಿಬಿಟ್ಟ. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು. ಮರುದಿನವೇ ಮಕ್ಕಳ ರಕ್ಷಣೆ ನೋಡುವ ಸರ್ಕಾರದ ಹೆಂಗಸು ಬಂದಳು. ವೆಸ್ಟ್ ವರ್ಜೀನಿಯಾ ರಾಜ್ಯದ ಮೊಹರಿದ್ದ ಕಾಗದ ಹಿಡಿದು, "ಮಕ್ಕಳು ಬೇರೆ ಮನೇಲಿರ್ಲಿ, ವಾರದ ಕೊನೆವರೆಗೆ ಅಷ್ಟೇ ಅಮ್ಮಾ, ಇಲ್ಲೊಂದು ಸಹಿ" ಅಂದಳು. ಓಸಿ ಪಾತ್ರೆ ತೊಳೆಯುತ್ತಿದ್ದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹಾಕಿದಳು. ಸಹಿ ಹಾಕದಿದ್ದರೆ ಅವರು ಜಡ್ಜಿನ ಮುಂದೆ ಹೋಗಬೇಕಿತ್ತು, ಸಾಬೀತು ಮಾಡಬೇಕಿತ್ತು. ಬಡವರ ಪರ ವಾದಿಸುವ ಲಾಯರೊಬ್ಬ ಇದನ್ನು ಹೇಳಿದಾಗ ಆರ್ಲಿಸ್‌ಗೆ ಬೇರೆ ಮನೆತನದ ಹೆಸರು ಬಿದ್ದಾಗಿತ್ತು.

ಅವರು ಕಿತ್ತುಕೊಂಡಿರಲಿಲ್ಲ. ಇವಳೇ ಕೊಟ್ಟಿದ್ದಳು. ಕಾಗದದಲ್ಲಿ ಸ್ವಂತ ಇಚ್ಛೆಯಿಂದ ಎಂದು ಅಚ್ಚಾಗಿತ್ತು.

ಅಲ್ಲಿಂದ ಹದಿನೈದು ವರ್ಷ ಓಸಿ ಮಾತು ಉಳಿಸಿಕೊಂಡಳು. ಸರ್ಕಾರದ ಆಹಾರದ ಚೀಟಿಗೆ ಸಹಿ ಬೇಕು ಅಂದರು, ಹಾಕಲಿಲ್ಲ. ತಾಯಿ ಮಗಳು ಬೇಯಿಸಿದ ಬೀನ್ಸ್, ಮೆಕ್ಕೆಜೋಳದ ಬ್ರೆಡ್ಡು ತಿಂದರು. ಕ್ರೀಡ್ ಸತ್ತಾಗ ಹೆಣ ಹೂಳುವುದಕ್ಕೆ ಸಹಾಯಧನ ಇದೆ ಅಂದರು, ಸಹಿ ಬೇಕು ಅಂದರು. ಅಕ್ಕಪಕ್ಕದ ಗಂಡಸರು ಸೇರಿ ಗುಡ್ಡದ ಮೇಲೆ ಗುಂಡಿ ತೋಡಿದರು. ಕಲ್ಲುನೆಲ. ಒಂದು ದಿನ ಹಿಡಿಯಿತು.

ಓಸಿಗೆ ಈಗ ಐವತ್ತೆಂಟು. ಜಿಲ್ಲಾ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಹತ್ತೊಂಬತ್ತು ವರ್ಷದಿಂದ. ಮೇಲಿನ ಮಹಡಿಗಳಿಂದ ಚೀಲಗಳು ಕೊಳವೆಯಲ್ಲಿ ಜಾರಿ ಬಂದು ದೊಪ್ಪನೆ ಬೀಳುತ್ತವೆ. ಬಿಚ್ಚಬೇಕು, ಬೇರ್ಪಡಿಸಬೇಕು, ಯಂತ್ರಕ್ಕೆ ತುಂಬಬೇಕು, ಒದ್ದೆ ಭಾರ ಎತ್ತಿ ಒಣಗಿಸುವ ಯಂತ್ರಕ್ಕೆ ಹಾಕಬೇಕು. ಸೂಜಿ ಸಿಗುತ್ತದೆ. ಹಲ್ಲಿನ ಸೆಟ್ಟು ಸಿಗುತ್ತದೆ. ಒಮ್ಮೆ ಕಾಲಿನ ಬೆರಳು ಸಿಕ್ಕಿತ್ತು. ಕ್ಲೋರಿನ್ ನೀರಿಗೆ ಅವಳ ಬೆರಳ ಗೆಣ್ಣುಗಳು ಸೀಳಿಹೋಗಿದ್ದವು. ಉಪ್ಪು ಮುಟ್ಟಿದರೆ ಉರಿ.

ಎರಡನೇ ಮಹಡಿಯ ಚೀಲ ಬಂದರೆ ಅವಳೂ ಜೊತೆಗಾತಿ ವಿಲೋಡೀನಳೂ ಮಾತು ನಿಲ್ಲಿಸುತ್ತಿದ್ದರು. ಅದು ಎಳೆ ಕೂಸುಗಳ ವಾರ್ಡು. ಬಸಿರಲ್ಲಿ ತಾಯಿ ನುಂಗಿದ ಮಾತ್ರೆಗೆ ಒಗ್ಗಿ ಹುಟ್ಟಿದ ಕೂಸುಗಳು ಅಲ್ಲಿ ನಡುಗುತ್ತಿದ್ದವು. ಆ ಬಟ್ಟೆ ಬೇರೆಯೇ. ಪುಟ್ಟ ಹಾಸಿನಲ್ಲಿ ಹಿಮ್ಮಡಿ ಬರುವ ಜಾಗದಲ್ಲಿ ಎರಡು ರಕ್ತದ ಚುಕ್ಕೆ. ಕಾಲು ತಿಕ್ಕಿ ತಿಕ್ಕಿ ಎಳೆ ಚರ್ಮ ಕಿತ್ತುಬಂದಿರುತ್ತಿತ್ತು. ಗದ್ದ ಬರುವಲ್ಲಿ ಇನ್ನೊಂದು ಚುಕ್ಕೆ. ಹುಳಿ ನಾತದ ನೀರು ಭೇದಿ. ಎಷ್ಟು ಬಿಸಿನೀರು ಬಿಟ್ಟರೂ ಮೊದಲ ಸಲಕ್ಕೆ ಆ ನಾತ ಹೋಗುತ್ತಿರಲಿಲ್ಲ.

"ಇವತ್ತು ಮೇಲೆ ಏಳು ಜನ," ಎನ್ನುತ್ತಿದ್ದಳು ವಿಲೋಡೀನ್ ಹಾಸುಗಳನ್ನು ನೋಡಿಯೇ. "ಒಂದು ಹೊಸದು. ಚುಕ್ಕೆ ನೋಡು, ಸಾಸಿವೆಯಷ್ಟು. ಡಾಕ್ಟ್ರು ಬರೆಯೋದಕ್ಕೆ ಮುಂಚೆ ನಮಗೆ ಗೊತ್ತಾಗುತ್ತೆ ಓಸಿ. ಆದ್ರೆ ನಮ್ಮನ್ನ ಕರೆಯೋದು 'ಏಯ್ ಲಾಂಡ್ರಿ' ಅಂತ."

ಓಸಿ ನಗುತ್ತಿರಲಿಲ್ಲ. ಹಲವು ವರ್ಷದಿಂದ ನಗುತ್ತಿರಲಿಲ್ಲ. ಯಾಕೆಂದರೆ ಡ್ರೀಮಾಳೂ ಅಪ್ಪನ ದಾರಿ ಹಿಡಿದು, ಬಿದ್ದು, ಎದ್ದವಳು.

ಎದ್ದದ್ದು ಔಷಧಿಯಿಂದ. ಗುಡ್ಡ ದಾಟಿ ಐವತ್ತು ಮೈಲಿ ಆಚೆ ಒಂದು ಕ್ಲಿನಿಕ್ಕು. ವಾರಕ್ಕೊಮ್ಮೆ ಅಲ್ಲಿ ಸಾಲಿನಲ್ಲಿ ನಿಲ್ಲಬೇಕು. ಬಾಗಿಲು ಹಾಕದ ಪಾಯಿಖಾನೆಯಲ್ಲಿ, ಒಬ್ಬಳು ನೋಡುತ್ತ ನಿಂತಿರುವಾಗ, ಬಟ್ಟಲಿಗೆ ಉಚ್ಚೆ ಹೊಯ್ಯಬೇಕು. ಆಮೇಲೆ ನಾಲಿಗೆಯಡಿ ಇಟ್ಟು ಕರಗಿಸುವ ಔಷಧಿ ಕೊಡುತ್ತಾರೆ. ಅದನ್ನಿಟ್ಟುಕೊಂಡರೆ ಮೈ ಬೇಡುವುದಿಲ್ಲ, ತಲೆ ತಿರುಗುವುದಿಲ್ಲ, ಕೆಲಸಕ್ಕೆ ಹೋಗಬಹುದು. ಡ್ರೀಮಾ ಅಗ್ಗದ ಸಾಮಾನಿನ ಅಂಗಡಿಯಲ್ಲಿ ಡಬ್ಬ ಜೋಡಿಸುತ್ತಿದ್ದಳು. ಬಸುರಾದಳು. ಬಸುರು ಮಾಡಿದವನು ಪೈಪ್‌ಲೈನ್ ಕೆಲಸ ಅಂತ ಒಹಾಯೋಗೆ ಹೋದವನು ಫೋನ್ ನಂಬರ್ ಬದಲಾಯಿಸಿದ. ಹೋಗಲಿ ಎಂದಳು. ಔಷಧಿ ಬಿಡಲಿಲ್ಲ.

ಬಿಡಿಸಿದವಳು ಓಸಿ.

ಚರ್ಚಿನಲ್ಲಿ ಭಾನುವಾರ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುತ್ತಾರೆ. ನಾನು ಇಷ್ಟು ದಿನದಿಂದ ಶುದ್ಧ ಎಂದು ಹೇಳಿದರೆ ಎಲ್ಲರೂ ಕೈ ತಟ್ಟುತ್ತಾರೆ. ಡ್ರೀಮಾ ಎದ್ದು ಎರಡು ವರ್ಷ ಎಂದಳು. ಯಾರೂ ತಟ್ಟಲಿಲ್ಲ. ಪಾದ್ರಿಯ ಹೆಂಡತಿ ಓಸಿಯ ಕಿವಿಗೆ ಬಾಗಿ, "ಒಂದು ಮಾತ್ರೆ ಬಿಟ್ಟು ಇನ್ನೊಂದು ಹಿಡಿದರೆ ಅದು ಬಿಟ್ಟ ಹಾಗೇನಮ್ಮ?" ಎಂದಳು. ಓಸಿಗೆ ಹಾಸಿನ ಮೇಲಿನ ಚುಕ್ಕೆಗಳು ಕಂಡವು. ಮನೆಗೆ ಬಂದವಳೇ ಬೀನ್ಸ್ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು.

"ಇನ್ನೂ ಆ ಹಾಳು ಔಷಧಿ ನಾಲಿಗೆ ಕೆಳಗೆ ಇಟ್ಕೋತಾ ಇದೀಯಲ್ಲೇ?"

"ಬಿಡಬೇಡ ಅಂದಿದಾರವ್ವ ಡಾಕ್ಟ್ರು. ಬಸುರಿಲಿ ಥಟ್ ಅಂತ ಬಿಟ್ರೆ ಮಗೂಗೆ ಆಗಲ್ವಂತೆ."

"ಡಾಕ್ಟ್ರು! ನಿಮ್ಮಪ್ಪಂಗೆ ಹೇಳಿದ್ದೂ ಡಾಕ್ಟ್ರೇ."

ಆ ಕಣಿವೆಯ ಪ್ರತಿ ಮನೆಯಲ್ಲೂ ಒಬ್ಬರನ್ನು ಡಾಕ್ಟರ ಮಾತು ತಿಂದಿತ್ತು.

"ನಾನು ದಿನಾ ಒಗೀತೀನಿ ಕಣೇ ಅಂಥ ಕೂಸುಗಳ ಬಟ್ಟೆ. ದಿನಾ. ನನ್ನ ಮೊಮ್ಮಗೂದೂ ಒಗೀಬೇಕಾ? ಆ ವಿಷ ರಕ್ತದಲ್ಲಿ ಇಟ್ಕೊಂಡು ಹುಟ್ಟೋದಾದ್ರೆ ಈ ಮನೆಗೆ ತರಬೇಡ. ನೀನೂ ಬರಬೇಡ."

"ಅವ್ವ, ಏಳು ತಿಂಗಳಾಯ್ತು. ಎಲ್ಲಿಗೆ ಹೋಗ್ಲಿ?"

"ಅದಕ್ಕೇ ಬಿಡು ಅಂದೆ."

ಡ್ರೀಮಾ ಬಿಟ್ಟಳು. ಒಂಬತ್ತು ದಿನ. ಮೂರನೇ ದಿನ ಬೆವರು, ವಾಂತಿ, ಮೂಳೆಯೊಳಗೆ ಇರುವೆ ಹರಿದಂತೆ ಒದ್ದಾಟ. ಕಾಲನ್ನು ಒಂದು ಕಡೆ ಇಡಲಾಗುತ್ತಿರಲಿಲ್ಲ. ಹೊಟ್ಟೆ ಕಲ್ಲಿನಂತೆ ಬಿಗಿದುಕೊಳ್ಳುತ್ತಿತ್ತು, ಬಿಡುತ್ತಿತ್ತು, ಮತ್ತೆ ಬಿಗಿಯುತ್ತಿತ್ತು. ಓಸಿ ಕೆಲಸ ಮುಗಿಸಿ ಬಂದು ಹಣೆಗೆ ಒದ್ದೆ ಬಟ್ಟೆ ಹಾಕಿ ಕೂರುತ್ತಿದ್ದಳು. "ಹೋಗ್ತಾ ಇದೆ ಮಗಳೇ, ವಿಷ ಹೋಗ್ತಾ ಇದೆ" ಎನ್ನುತ್ತಿದ್ದಳು. ಸಂತೋಷವಾಗಿತ್ತು ಅವಳಿಗೆ. ಅದನ್ನು ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಆದರೆ ಸಂತೋಷವಾಗಿತ್ತು.

ಒಂಬತ್ತನೇ ದಿನ ಬೆಳಗ್ಗೆ ಅವಳು ಕೆಲಸಕ್ಕೆ ಹೋದಳು. ಹತ್ತು ಗಂಟೆಯ ಹೊತ್ತಿಗೆ ಹೆರಿಗೆ ಕೋಣೆಯ ಚೀಲ ಬಿತ್ತು. ಬೇರೆ ಚೀಲ ಬಿದ್ದಂತಲ್ಲ. ನೀರು ತುಂಬಿದ ಚೀಲ ಬಿದ್ದಂತೆ ಬಿತ್ತು.

"ಯಾರೋ ಪಾಪ ಪೂರ್ತಿ ಖಾಲಿಯಾಗಿದಾಳೆ," ಎಂದಳು ವಿಲೋಡೀನ್ ಗಂಟು ಬಿಚ್ಚುತ್ತ.

ಹಾಸುಗಳು ಕೆಂಪಗಿದ್ದವು. ಕೆಂಪಲ್ಲ, ಕಪ್ಪು. ಗರಣೆ ಗರಣೆ. ಓಸಿ ಒಂದೊಂದೇ ತೆಗೆದು ತಣ್ಣೀರಿನ ತೊಟ್ಟಿಗೆ ಹಾಕಿದಳು. ರಕ್ತಕ್ಕೆ ಬಿಸಿನೀರು ಹಾಕಬಾರದು, ಹಿಡಿದುಕೊಳ್ಳುತ್ತದೆ. ನಾಲ್ಕನೆಯದರ ಒಳಗಿಂದ ಕತ್ತರಿಯಲ್ಲಿ ಸೀಳಿದ ಅಂಗಿ ಬಂತು. ಗಣಿ ಮುಷ್ಕರದ ಕಾಲದ, ಸೊಪ್ಪಿನ ಬಣ್ಣದ, ಹೆಗಲ ಹತ್ತಿರ ತೇಪೆ ಹಾಕಿದ ಅಂಗಿ. ಕ್ರೀಡ್‌ನದು. ತೇಪೆ ಹಾಕಿದವಳು ಓಸಿ, ಈಗ ತೊಡುತ್ತಿದ್ದವಳು ಡ್ರೀಮಾ.

ಅವಳು ಅದನ್ನೂ ತೊಟ್ಟಿಗೆ ಹಾಕಿದಳು. ಉಜ್ಜಿದಳು. ಕೈಗೆ ಬೇರೆ ಏನೂ ತಿಳಿಯಲಿಲ್ಲ. ವಿಲೋಡೀನ್ ಅವಳ ಎರಡೂ ಮುಂಗೈ ಹಿಡಿದು ನೀರಿನಿಂದ ಮೇಲೆತ್ತಿದಳು. "ಬಿಡು. ಓಸಿ, ಬಿಡು. ಮೇಲೆ ಹೋಗು."

ಪಕ್ಕದ ಮನೆಯವಳು ಹೊತ್ತಿಗೆ ಸರಿಯಾಗಿ ತಂದು ಸೇರಿಸಿದ್ದರಿಂದ ಡ್ರೀಮಾ ಬದುಕಿದ್ದಳು. ಕೂಸೂ ಬದುಕಿತ್ತು. ಹೆಣ್ಣು. ಇನ್ನೂ ಏಳು ವಾರ ಒಳಗಿರಬೇಕಿದ್ದ ಕೂಸು. ಬಸುರಿನುದ್ದಕ್ಕೂ ಡ್ರೀಮಾಳನ್ನು ನೋಡುತ್ತಿದ್ದ, ಹೊರ ಊರಿನಿಂದ ಬಂದ ಹುಡುಗಿ ಡಾಕ್ಟರು ಮಂಚದ ಪಕ್ಕ ನಿಂತು ಬಿಡಿಸಿ ಹೇಳಿದಳು. ಔಷಧಿ ನಿಂತಾಗ ತಾಯಿ ಹೊರಗೆ ಒದ್ದಾಡಿದ ಹಾಗೇ ಮಗು ಒಳಗೆ ಒದ್ದಾಡಿದೆ. ಗರ್ಭ ಬಿಗಿದು ಬಿಗಿದು ಮಾಸಿಗೆ ರಕ್ತ ಸರಿಯಾಗಿ ಹರಿದಿಲ್ಲ. ಮಾಸಿನ ಒಂದು ಅಂಚು ಗೋಡೆಯಿಂದ ಬಿಟ್ಟುಕೊಂಡಿದೆ. ಅಲ್ಲಿಂದಲೇ ರಕ್ತ. ಔಷಧಿ ತಗೋತಾ ಇದ್ದಿದ್ದರೂ ಮಗು ನಡುಗುತ್ತಿತ್ತು. ಆದರೆ ಅದು ಎರಡು ಮೂರು ವಾರದಲ್ಲಿ ವಾಸಿ ಮಾಡುವಂಥದ್ದು. ದಿನ ತುಂಬಿ, ತೂಕ ತುಂಬಿ ಹುಟ್ಟುತ್ತಿತ್ತು.

"ನಾನು ಎಷ್ಟು ಸಲ ಹೇಳಿದ್ದೆ ಡ್ರೀಮಾ. ಯಾರು ನಿನಗೆ ಬಿಡು ಅಂದಿದ್ದು?"

ಓಸಿ ಬಾಗಿಲ ಬಳಿ ನಿಂತಿದ್ದಳು. ಮುಂದಿನ ಬಟ್ಟೆಯೆಲ್ಲ ಒದ್ದೆ. ಡ್ರೀಮಾ ಅವಳ ಕಡೆ ನೋಡಲಿಲ್ಲ.

"ಯಾರೂ ಅನ್ನಲಿಲ್ಲ. ನಾನೇ ಬಿಟ್ಟೆ."

ಡಾಕ್ಟರು ಬರೆದುಕೊಂಡಳು. ಆ ಹೊತ್ತಿನಲ್ಲಿ ಓಸಿ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ.

ಹೊಕ್ಕುಳ ಬಳ್ಳಿಯಿಂದ ಒಂದು ಗೇಣು ಕತ್ತರಿಸಿ ಶೀಶೆಯಲ್ಲಿ ಹಾಕಿ ಎಲ್ಲಿಗೋ ಕಳಿಸಿದ್ದರು. ಯಾರನ್ನೂ ಕೇಳಲಿಲ್ಲ. ಮಗಳ ಮೈಯದು, ಮೊಮ್ಮಗಳ ಮೈಯದು, ಇವರು ಕತ್ತರಿಸಿದರು, ಕಳಿಸಿದರು. ಮೂರು ದಿನಕ್ಕೆ ಉತ್ತರ ಬಂತು. ಕ್ಲಿನಿಕ್ಕಿನ ಔಷಧಿಯ ಹಳೆ ಪಸೆ. ಜೊತೆಗೆ ನೋವಿನ ಮಾತ್ರೆ. ಎಂಟನೇ ದಿನ ತಡೆಯಲಾಗದೆ ಡ್ರೀಮಾ ಪಕ್ಕದ ಮನೆಯವಳ ಕೈಕಾಲು ಹಿಡಿದು ಒಂದು ಮಾತ್ರೆ ಇಸಿದುಕೊಂಡು ನುಂಗಿದ್ದಳು. ಒಂದೇ ಒಂದು.

ಆವತ್ತೇ ಸರ್ಕಾರದ ಆದೇಶ ಬಂತು. ತಾಯಿ ದಿನಕ್ಕೆ ಎರಡು ಗಂಟೆ ಮಾತ್ರ ಕೂಸಿನ ಹತ್ತಿರ ಇರಬೇಕು. ಕಾವಲಿಗೆ ಒಬ್ಬರು ಇರಬೇಕು. ಹಾಲು ಕೊಡುವ ಹಾಗಿಲ್ಲ.

ಡ್ರೀಮಾ ಮಿಕ್ಕ ಹೊತ್ತೆಲ್ಲ ಆಸ್ಪತ್ರೆಯ ಹಿಂದೆ ಕಾರಿನಲ್ಲಿ ಕೂತಿರುತ್ತಿದ್ದಳು. ಓಸಿ ಊಟದ ಬಿಡುವಿನಲ್ಲಿ ಬಿಸ್ಕೆಟ್ಟು ಹಿಡಿದು ಹೋದರೆ, ಡ್ರೀಮಾ ಕಾರಿನ ಬಾಗಿಲು ತೆರೆದು ಬಾಗಿ ನೆಲಕ್ಕೆ ಹಾಲು ಹಿಂಡುತ್ತಿದ್ದಳು. ಡಾಂಬರಿನ ಮೇಲೆ ಬಿಳಿ ಮಡು. ಇರುವೆ ಮುತ್ತಿದ್ದವು.

"ಹೇಗಿದಾಳವ್ವ?"

"ಮಲಗಿದಾಳೆ," ಎಂದು ಓಸಿ ಸುಳ್ಳು ಹೇಳಿದಳು.

ಐದನೇ ದಿನ ಒಗೆದ ಬಟ್ಟೆಯ ಗಾಡಿಯನ್ನು ಎರಡನೇ ಮಹಡಿಗೆ ಓಸಿಯೇ ತಳ್ಳಿಕೊಂಡು ಹೋದಳು. ಅದು ಅವಳ ಕೆಲಸವಲ್ಲ. ವಾರ್ಡಿನ ಬಾಗಿಲ ಮೇಲೆ ಹಿತ್ತಾಳೆ ಫಲಕ. ಆ ವಾರ್ಡಿಗೆ ದುಡ್ಡು ಕೊಟ್ಟ ಅಡೇರ್ ಮನೆತನದ ಹೆಸರು. ಅಡೇರರಿಗೆ ಮೂರು ಔಷಧಿ ಅಂಗಡಿ. ಮಾತ್ರೆಯ ಕಾಲದಲ್ಲಿ ಅವರ ಅಂಗಡಿ ಮುಂದೆ ಕಾರುಗಳ ಸಾಲು ಸೇತುವೆ ದಾಟಿ ನಿಲ್ಲುತ್ತಿತ್ತು. ಕ್ರೀಡ್ ಬೆನ್ನು ಬಾಗಿಸಿಕೊಂಡು ಅದೇ ಸಾಲಿನಲ್ಲಿ ನಿಲ್ಲುತ್ತಿದ್ದ.

ಒಳಗೆ ತೂಗುಕುರ್ಚಿಯಲ್ಲಿ ಮಿಸೆಸ್ ಅಡೇರ್ ಕೂತಿದ್ದಳು. ಹಳದಿ ಕೋಟು. ನಡುಗುವ ಕೂಸುಗಳನ್ನು ಎತ್ತಿಕೊಂಡು ಕೂರುವ ಪುಣ್ಯದ ಕೆಲಸಕ್ಕೆ ಪಟ್ಟಣದ ಹೆಂಗಸರು ಪಾಳಿ ಹಾಕಿಕೊಂಡು ಬರುತ್ತಿದ್ದರು. ಅವಳ ತೋಳಲ್ಲಿದ್ದುದು ಓಸಿಯ ಮೊಮ್ಮಗಳು. ಐವಾ. ತೊಟ್ಟಿಲ ಚೀಟಿಯಲ್ಲಿ ಹೆಸರಿತ್ತು. ಕೂಸು ಅಳುತ್ತಿತ್ತು. ಮಗು ಅತ್ತ ಹಾಗಲ್ಲ, ತಗಡನ್ನು ಮೊಳೆಯಿಂದ ಗೀರಿದ ಹಾಗೆ. ಕೈಗಳು ಗಾಳಿಯಲ್ಲಿ ಅದುರುತ್ತಿದ್ದವು. ಸೀನಿತು, ಆಕಳಿಸಿತು, ಮತ್ತೆ ಗೀರಿತು. ಹಿಮ್ಮಡಿಗೆ ಪಟ್ಟಿ ಸುತ್ತಿದ್ದರು.

ಓಸಿ ಗಾಡಿ ಬಿಟ್ಟು ನಿಂತಳು.

"ಆ ಹಾಸನ್ನ ಅಲ್ಲಿಡು," ಎಂದಳು ಮಿಸೆಸ್ ಅಡೇರ್, ನೋಡದೆ. ಆಮೇಲೆ ಕೂಸಿಗೆ, "ಪಾಪ ನಿನಗೆ ಯಾರೂ ಇಲ್ಲ ಅಲ್ವಾ ಪುಟ್ಟಾ? ಯಾರಿಗೂ ಬೇಡ ಅಲ್ವಾ?"

"ಇದಾಳೆ," ಎಂದಳು ಓಸಿ.

"ಏನು?"

"ತಾಯಿ ಇದಾಳೆ ಅಮ್ಮಾವ್ರೇ. ಈ ಗೋಡೆ ಆಚೆ. ಕಾರಲ್ಲಿ ಕೂತು ಎದೆಹಾಲು ಹಿಂಡಿ ರಸ್ತೆಗೆ ಚೆಲ್ತಾ ಇದಾಳೆ. ಅವಳ ಗಂಟಲಿಗೆ ಬಿದ್ದ ಮೊದಲ ಮಾತ್ರೆ ಯಾರ ಅಂಗಡೀದು ಅಂತ ಕೇಳ್ತೀರಾ?"

ಮಿಸೆಸ್ ಅಡೇರಳ ಕುರ್ಚಿ ತೂಗುವುದು ನಿಂತಿತು. "ನಾನು ಇಲ್ಲಿ ಸೇವೆ ಮಾಡೋಕೆ ಬಂದಿದೀನಿ."

"ನಾನೂ ಹತ್ತೊಂಬತ್ತು ವರ್ಷದಿಂದ ನಿಮ್ಮ ಸೇವೆನೇ ಒಗೀತಾ ಇದೀನಿ. ಏಳಿ."

"ಯಾರನ್ನಾದ್ರೂ ಕರೀತೀನಿ ನೋಡು."

"ಕರೀರಿ. ಏಳಿ. ಅದು ನನ್ನ ಮಗಳು ಕೂರೋ ಕುರ್ಚಿ."

ಅವಳು ಎದ್ದಳು. ಓಸಿ ಕೂಸನ್ನು ಇಸಿದುಕೊಂಡಳು. ಕ್ಲೋರಿನ್ ವಾಸನೆಯ ಕೈ, ಸೀಳಿದ ಗೆಣ್ಣು. ಕೂಸು ಒಂದು ಒದ್ದೆ ಹಕ್ಕಿಯಷ್ಟು ತೂಕ. ಅದರ ನಡುಕ ಅವಳ ಎದೆಯ ಮೂಳೆಗೆ ತಾಗಿತು. ಒಂಬತ್ತು ದಿನ ಅವಳು ಕೈಯಾರೆ ಹಿಡಿದು ನೋಡಿದ ನಡುಕವೇ. ಅದೇ.

ಬಂದವಳು ನರ್ಸ್ ಗ್ವೆನ್. ಅದೇ ಕಣಿವೆಯವಳು, ಅವಳ ಅಣ್ಣನನ್ನೂ ಮಾತ್ರೆ ತಿಂದಿತ್ತು. ಮಿಸೆಸ್ ಅಡೇರಳನ್ನು ಸಮಾಧಾನ ಮಾಡಿ ಹೊರಗೆ ಕಳಿಸಿ, ದೀಪ ಆರಿಸಿ, ಬಾಗಿಲು ಹಾಕಿದಳು.

"ಓಸಕ್ಕ, ನಿಮ್ಮ ಕೆಲಸ ಹೋಗುತ್ತೆ."

"ಹೋಗ್ಲಿ. ಇದಕ್ಕೆ ಏನು ಮಾಡಿದ್ರೆ ನಡುಕ ನಿಲ್ಲುತ್ತೆ ಹೇಳು."

"ಗಂಟೆಗೆ ಸರಿಯಾಗಿ ಒಂದೊಂದು ತೊಟ್ಟು ಔಷಧಿ ಹಾಕ್ತಾ ಇದೀವಿ. ಆದ್ರೆ ನಿಜ ಹೇಳ್ತೀನಿ, ತಾಯಿ ಎದೆ ಮೇಲೆ ಹಾಕ್ಕೊಂಡು ಕತ್ತಲೇಲಿ ಸುಮ್ಮನೆ ಕೂತರೆ ಅರ್ಧ ನಿಲ್ಲುತ್ತೆ. ನಾನು ಕಣ್ಣಾರೆ ಕಂಡಿದೀನಿ." ಗ್ವೆನ್ ದನಿ ತಗ್ಗಿಸಿದಳು. "ಮಾರ್ಲೋ ಪಟ್ಟಣದಲ್ಲಿ ಕ್ಲಿನಿಕ್ಕಿನವರದ್ದೇ ಒಂದು ಮನೆ ಇದೆ. ತಾಯಿ ಮಗು ಒಟ್ಟಿಗೆ ಇರ್ತಾರೆ, ಔಷಧಿನೂ ಅಲ್ಲೇ. ಒಂದು ಹಾಸಿಗೆ ಖಾಲಿ ಇದೆ. ಆದ್ರೆ ಇವಳನ್ನ ತಗೊಳ್ಳಲ್ಲ."

"ಯಾಕೆ?"

"ಇವಳ ಹೆಸರಿನ ಮುಂದೆ 'ತಾನಾಗಿಯೇ ಚಿಕಿತ್ಸೆ ಬಿಟ್ಟವಳು' ಅಂತ ಬರೆದಿದೆ. ತಾನಾಗೇ ಬಿಟ್ಟವಳ ಕೈಗೆ ಮಗು ಕೊಡಲ್ಲ. ಬೇರೆಯವರ ಒತ್ತಾಯಕ್ಕೆ ಬಿಟ್ಟಿದ್ರೆ ಬೇರೆ ಮಾತಿತ್ತು."

ಓಸಿ ಕೂಸಿನ ತಲೆಯ ಮೇಲೆ ಗದ್ದ ಇಟ್ಟುಕೊಂಡು ಕೂತಿದ್ದಳು.

ಮರುದಿನವೇ ಅವಳನ್ನು ಕೆಲಸದಿಂದ ಹೊರಗೆ ನಿಲ್ಲಿಸಿದರು. ವಿಲೋಡೀನ್ ಅವಳ ಊಟದ ಡಬ್ಬಿಯನ್ನೂ ಹಳೆ ಚಪ್ಪಲಿಯನ್ನೂ ತಂದುಕೊಟ್ಟಳು. "ಆ ಹೆಂಗಸು ಕುರ್ಚಿಯಿಂದ ಎದ್ದಿದ್ದನ್ನ ನೋಡೋಕೆ ನನ್ನ ಒಂದು ತಿಂಗಳ ಸಂಬಳ ಕೊಡ್ತಿದ್ದೆ ಕಣೇ," ಎಂದಳು. ಆಮೇಲೆ ಅತ್ತಳು.

ಗುರುವಾರ ಸರ್ಕಾರದ ಹುಡುಗಿ ಕಾಗದ ತಂದಳು. ಹೆಸರು ಕೆಂಡ್ರಾ. ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸು, ನಿದ್ದೆ ಕೆಟ್ಟ ಮುಖ, ಎಡಬಲ ಬೇರೆ ಬೇರೆ ಬಣ್ಣದ ಕಾಲುಚೀಲ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಸುಲಭವಿತ್ತು. ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಮೇಜಿನ ಆಚೆ ಅವಳು, ಈಚೆ ಓಸಿ, ಡ್ರೀಮಾ. ಗೋಡೆಗೆ ಒರಗಿ ಗ್ವೆನ್.

"ಒಳ್ಳೆ ಸುದ್ದಿ ಅಮ್ಮಾ," ಎಂದಳು ಕೆಂಡ್ರಾ. "ಮಗುನ ಪರರಿಗೆ ಕೊಡಬೇಕಾಗಿಲ್ಲ. ನಿಮ್ಮನೆಗೇ ಕಳಿಸ್ತೀವಿ. ನೀವು ನೋಡ್ಕೊಳ್ಳಿ. ಡ್ರೀಮಾ ಮಾತ್ರ ಆ ಮನೇಲಿ ಇರೋ ಹಾಗಿಲ್ಲ. ವಾರಕ್ಕೆ ಎರಡು ಗಂಟೆ, ನಮ್ಮ ಆಫೀಸಿನಲ್ಲಿ ಬಂದು ನೋಡಬಹುದು. ಇಲ್ಲೊಂದು ಸಹಿ ಹಾಕಿದ್ರೆ ಆಯ್ತು."

ಅದೇ ಮೊಹರು. ಕಾಗದದ ಬಣ್ಣ ಬದಲಾಗಿತ್ತು, ಮೊಹರು ಅದೇ. ಓಸಿ ಓದಿದಳು. ಬೆರಳಿಟ್ಟು, ಒಂದೊಂದು ಪದ. ಕೆಂಡ್ರಾ ಎರಡು ಸಲ ಫೋನ್ ನೋಡಿದಳು. ನಾಲ್ಕನೇ ಸಾಲು, ತಾಯಿ ತಾನಾಗಿಯೇ ಚಿಕಿತ್ಸೆ ಬಿಟ್ಟು ಮಾದಕ ವಸ್ತು ಸೇವಿಸಿದ್ದಾಳೆ. ಕೊನೆಯ ಸಾಲು, ಮೇಲಿನದನ್ನು ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ.

"ಹಾಕಲ್ಲ."

"ಅವ್ವ!" ಡ್ರೀಮಾ ಅವಳ ರಟ್ಟೆ ಹಿಡಿದಳು. "ಹಾಕವ್ವ. ನಾನು ಕಾರಲ್ಲೇ ಮಲಗ್ತೀನಿ. ವಿಲೋಡೀನಕ್ಕನ ಮನೇಲಿ ಮಲಗ್ತೀನಿ. ಕೂಸು ನಿನ್ನ ಹತ್ರ ಇರುತ್ತಲ್ಲ. ಆರ್ಲಿಸ್ ಥರ ಹೋಗಲ್ವಲ್ಲ."

"ನಿನ್ನನ್ನ ಹೊರಗೆ ಹಾಕಿ ನಿನ್ನ ಕೂಸನ್ನ ನಾನು ಒಳಗೆ ಇಟ್ಕೋಬೇಕಾ?"

"ಹೌದು! ಇಟ್ಕೋ! ಏನೀಗ?"

ಕೆಂಡ್ರಾ ಮೆಲ್ಲಗೆ, "ಸಹಿ ಇಲ್ಲದಿದ್ರೆ ನಾಳೆ ಜಡ್ಜ್ ಹತ್ತಿರ ಹೋಗಬೇಕಾಗುತ್ತೆ ಅಮ್ಮಾ. ಬಳ್ಳಿಯ ಪರೀಕ್ಷೆ ಇದೆ, ಡಾಕ್ಟ್ರ ಬರಹ ಇದೆ. ಮಗು ಬೇರೆ ಮನೆಗೆ ಹೋಗುತ್ತೆ. ನನ್ನ ಕೈಲಿ ಏನೂ ಇಲ್ಲ" ಎಂದಳು.

"ಈ ಸಾಲು ಸುಳ್ಳು." ಓಸಿ ನಾಲ್ಕನೆಯದರ ಮೇಲೆ ಬೆರಳಿಟ್ಟಳು.

"ಬಳ್ಳಿಯಲ್ಲಿ ಮಾತ್ರೆ ಸಿಕ್ಕಿದೆಯಲ್ಲ..."

"ಮಾತ್ರೆ ನಿಜ. 'ತಾನಾಗಿಯೇ' ಅನ್ನೋದು ಸುಳ್ಳು. ಬಿಡಿಸಿದವಳು ನಾನು."

ಡ್ರೀಮಾ, "ಅವ್ವ, ಸುಮ್ನಿರು" ಎಂದಳು.

"ಬಿಡದಿದ್ರೆ ಮನೆಗೆ ಬರಬೇಡ ಅಂದೆ. ಏಳು ತಿಂಗಳ ಬಸುರಿಗೆ. ಒಂಬತ್ತು ದಿನ ಎದುರಿಗೆ ಕೂತು ನೋಡಿದೆ. ಡಾಕ್ಟ್ರ ಹತ್ರ ಕರ್ಕೊಂಡು ಹೋಗು ಅಂತ ಬೇಡಿದ್ಳು, ಹೋಗಲಿಲ್ಲ. ಇವಳು ನನ್ನ ಕಾಪಾಡೋಕೆ ಸುಳ್ಳು ಹೇಳಿದ್ಳು, ನಾನು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡೆ. ಬರ್ಕೋ."

ಕೆಂಡ್ರಾ ಪೆನ್ನು ಎತ್ತಲಿಲ್ಲ. ಗ್ವೆನ್ ಕಡೆ ನೋಡಿದಳು, ಮತ್ತೆ ಓಸಿಯ ಕಡೆ. "ಅಮ್ಮಾ, ಇದು ನಿಮಗೆ ಅರ್ಥ ಆಗ್ತಿದೆಯಾ? ಇದನ್ನ ಬರೆದ್ರೆ ಮಗು ನಿಮ್ಮನೆಗೆ ಬರಲ್ಲ. ಮಗೂಗೆ ಕೇಡು ಮಾಡಿದವರು ಅಂತ ನಿಮ್ಮ ಹೆಸರು ಬರುತ್ತೆ. ನಿಮ್ಮನ್ನ ಮಗು ಹತ್ರಾನೂ ಬಿಡಲ್ಲ, ಬಹುಶಃ ಡ್ರೀಮಾ ಹತ್ರಾನೂ."

"ಎಷ್ಟು ದಿನ?"

"ಜಡ್ಜ್ ಹೇಳೋವರೆಗೂ. ವರ್ಷ ಆಗಬಹುದು. ಇನ್ನೂ ಜಾಸ್ತಿ ಆಗಬಹುದು."

"ಮಾರ್ಲೋ ಮನೆ?"

"ಒತ್ತಾಯದಿಂದ ಬಿಟ್ಟಿದ್ದು ಅಂತಾದ್ರೆ..." ಕೆಂಡ್ರಾ ಪೆನ್ನು ಎತ್ತಿಕೊಂಡಳು. "ಆಗ ಅಲ್ಲಿಗೆ ಕಳಿಸಿ ಅಂತ ನಾನು ಬರೀಬಹುದು. ತಾಯೀನೂ ಮಗೂನೂ. ಜಡ್ಜ್ ಹತ್ರ ನಾನೇ ಹೇಳ್ತೀನಿ."

"ಖಾಲಿ ಕಾಗದ ಕೊಡು. ಬಾಯಲ್ಲಿ ಹೇಳಿದ್ದು ಆಮೇಲೆ ನೀವು ಏನೇನೋ ಮಾಡ್ತೀರಿ. ನನ್ನ ಕೈಲೇ ಬರೀತೀನಿ."

"ಸಹಿ ಬೇಕಾಗುತ್ತೆ ಅದಕ್ಕೆ. ಸರ್ಕಾರದ ಹೇಳಿಕೆ ಕಾಗದದಲ್ಲೇ ಬರೀಬೇಕು."

"ಕೊಡು."

ಓಸಿ ಬರೆದಳು. ದೊಡ್ಡ ಅಕ್ಷರ. ಪೆನ್ನು ಒತ್ತಿದಾಗ ಗೆಣ್ಣಿನ ಸೀಳು ಬಿಟ್ಟು ಕಾಗದದ ಅಂಚಿಗೆ ರಕ್ತ ಹತ್ತಿತು. ಬರೆಯುತ್ತಲೇ ಗಟ್ಟಿಯಾಗಿ ಓದಿಕೊಂಡಳು. ನನ್ನ ಮಗಳು ಡಾಕ್ಟರ ಮಾತು ಕೇಳಿದ್ದಳು. ನಾನು ಕೇಳಗೊಡಲಿಲ್ಲ. ಯಾಕೆಂದರೆ ಇನ್ನೊಬ್ಬ ಡಾಕ್ಟರು ನನ್ನ 
ಗಂಡನಿಗೆ ಈ ಮಾತ್ರೆ ಚಟ ಹತ್ತಿಸುವುದಿಲ್ಲ ಎಂದು ಹೇಳಿದ್ದ.

"ಆ ಸಾಲು ಬೇಡ ಅಮ್ಮಾ," ಎಂದಳು ಕೆಂಡ್ರಾ. "ಇದಕ್ಕೆ ಅದು ಸಂಬಂಧ ಇಲ್ಲ."

"ಇದೆ."

"ನನ್ನ ಮೇಲಿನವರು ಕೇಳ್ತಾರೆ..."

"ಕೇಳ್ಲಿ. ಹದಿನೈದು ವರ್ಷದಿಂದ ನನ್ನನ್ನ ಯಾರೂ ಕೇಳಿಲ್ಲ. ಅಳಿಸಿದ್ರೆ ಪೂರ್ತಿ ಹರಿದು ಹಾಕ್ತೀನಿ."

ಕೆಂಡ್ರಾ ಅಳಿಸಲಿಲ್ಲ.

ಡ್ರೀಮಾ ಎದ್ದು ಬಂದು ಅಮ್ಮನ ಕೈಮೇಲೆ ಕೈ ಇಟ್ಟು ಮೇಜಿಗೆ ಒತ್ತಿ ಹಿಡಿದಳು. "ಬೇಡವ್ವ. ಅವರು ನಿನ್ನನ್ನ ಬಿಡಲ್ಲ. ನಾನು ಅಲ್ಲಿ ಒಬ್ಬಳೇ ಏನು ಮಾಡ್ಲಿ? ಕೂಸು ಎತ್ಕೊಳ್ಳೋದು ಯಾರು ಹೇಳಿಕೊಡ್ತಾರೆ? ಹಾಕಬೇಡ. ನೀನು ನನಗೆ ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ."

"ಮತ್ತೆ?"

ಓಸಿ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಎದೆ ಮೇಲೆ ಹಾಕ್ಕೋ. ದೀಪ ಆರಿಸು. ಔಷಧಿ ಬಿಡಬೇಡ. ಯಾರು ಬಿಡು ಅಂದ್ರೂ ಬಿಡಬೇಡ, ನಾನು ಬಂದು ಅಂದ್ರೂ ಬಿಡಬೇಡ. ಅಷ್ಟೇ ಕಣೇ, ಬೇರೇನೂ ಇಲ್ಲ ಅದರಲ್ಲಿ ಕಲಿಯೋದು."

ಕಾಗದದ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಗ್ವೆನ್ ಸಾಕ್ಷಿ ಹಾಕಿದಳು. ಗೋಡೆಯ ಆಚೆ ಯಾವುದೋ ಕೂಸು ಗೀರುತ್ತಿತ್ತು, ಐವಾಳೋ ಬೇರೆಯದೋ ತಿಳಿಯಲಿಲ್ಲ. ಕೆಂಡ್ರಾ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಹದಿನೈದು ವರ್ಷ ಉಳಿಸಿಕೊಂಡಿದ್ದ ಮಾತನ್ನು ಓಸಿ ಆ ಗುರುವಾರ ಮುರಿದಳು.